ಹೆಸರು ಬೇಡವೆಂದ ಹಾಳೆಗೆ ಬಿದ್ದ ಸಹಿ

ಬೆಳಗಿನ ಐದೂಮುಕ್ಕಾಲು. ಇಪ್ಪತ್ತೆರಡು ಹಾಸಿಗೆಗಳ ಕ್ಯಾನ್ಸರ್ ವಾರ್ಡಿನ ತುದಿಯಲ್ಲಿ ನಿಂತು ನರ್ಸಮ್ಮ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈಯಲ್ಲಿ ಮುಟ್ಟಿ ಯಾರನ್ನೂ ಎಬ್ಬಿಸಬಾರದು ಎಂಬುದು ಅವರೇ ಮಾಡಿಕೊಂಡ ನೇಮ. ಮೊದಲ ಹಾಸಿಗೆಯ ಅಜ್ಜಿಯ ಕಿವಿಯ ಬಳಿ ಬಾಗುತ್ತಾರೆ.

"ಅಜ್ಜೀ, ಈಗ ನೋವು ಹತ್ತಕ್ಕೆ ಎಷ್ಟು?"

"ಏಳು ಕಣಮ್ಮ."

"ನಿನ್ನೆ ಆರಿತ್ತು. ನನ್ನ ಮುಖ ನೋಡಿ ಒಂದು ಜಾಸ್ತಿ ಮಾಡಿದ್ರಾ?"

ಅಜ್ಜಿ ಬೊಚ್ಚು ಬಾಯಲ್ಲಿ ನಗುತ್ತಾರೆ. ಪಟ್ಟಿಯಲ್ಲಿ ಏಳು ಬೀಳುತ್ತದೆ. ಪಕ್ಕದಲ್ಲಿ ಸಮಯ, ಕೆಳಗೆ ಸಹಿ. ಪಾಳಿಗೆ ನಾಲ್ಕು ಸುತ್ತು, ಅಂದರೆ ಇದೇ ಪ್ರಶ್ನೆ ಎಂಬತ್ತೆಂಟು ಸಲ. ಇಪ್ಪತ್ತಾರು ವರ್ಷಗಳಿಂದ ಹೀಗೇ ನಡೆದಿದೆ.

ತಾಯಿ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ಅವರೊಬ್ಬರೇ. ಮಾತಿಗೆ ಮಾತು ಸಿಗುತ್ತಿದ್ದುದು ಆಸ್ಪತ್ರೆಯಲ್ಲೇ, ಅದರಲ್ಲೂ ಹಿಂದಿನ ಮೆಟ್ಟಿಲ ಮೇಲೆ. ಹತ್ತೊಂಬತ್ತು ವರ್ಷ ಅಲ್ಲಿ ಒಂದೇ ಫ್ಲಾಸ್ಕಿನ ಚಹಾವನ್ನು ಜೊತೆಗಾತಿ ನರ್ಸಿನೊಂದಿಗೆ ಹಂಚಿಕೊಂಡು, ಕಂಡಕಂಡವರನ್ನೆಲ್ಲ ಆಡಿಕೊಂಡು ನಕ್ಕಿದ್ದಾರೆ. ಈಗ ಎರಡು ತಿಂಗಳಿಂದ ಆ ಮೆಟ್ಟಿಲ ಮೇಲೆ ಒಬ್ಬರೇ ಕೂರುತ್ತಾರೆ.

ಅದಕ್ಕೆ ಕಾರಣ ಹನ್ನೊಂದನೇ ಹಾಸಿಗೆಯಲ್ಲಿದ್ದ ದರ್ಜಿ. ಮೂಳೆಗೆ ಹಬ್ಬಿದ ಕಾಯಿಲೆ. ಕೊಟ್ಟ ಔಷಧವೆಲ್ಲ ವಾಂತಿಯಾಗಿ ಹೋಗುತ್ತಿತ್ತು, ನೋವು ಒಂಬತ್ತರಿಂದ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು "ನಾಲ್ಕು" ಎಂದುಬಿಟ್ಟರು. ಎರಡು ತುಂಡು ಬ್ರೆಡ್ಡನ್ನೂ ತಿಂದರು. ದಿಂಬು ಸರಿಮಾಡಲು ಹೋದ ನರ್ಸಮ್ಮನ ಕೈಗೆ ಸಿಕ್ಕಿದ್ದು ಸಣ್ಣ ಸೀಸೆ. ಗಾಂಜಾ ಎಣ್ಣೆ ಎಂದು ದರ್ಜಿಯ ಹೆಂಡತಿ ಅಳುತ್ತಲೇ ಒಪ್ಪಿಕೊಂಡರು.

"ನಿಯಮ ಅಂದ್ರೆ ನಿಯಮ," ಎನ್ನುತ್ತಾರೆ ನರ್ಸಮ್ಮ. "ತಕ್ಷಣ ಹೋಗಿ ಮೇಲಿನವರಿಗೆ ಒಪ್ಪಿಸಿದೆ. ಮಾರನೇ ದಿನ ದರ್ಜಿ ಮತ್ತೆ ಒಂಬತ್ತು ಅಂದ್ರು. ನನ್ನನ್ನ ಬೈಲಿಲ್ಲ. ಮತ್ತೆ ಏನೂ ತಿನ್ನಲೂ ಇಲ್ಲ. ಅವರು ಹೋಗೋವರೆಗೂ ಎಂಟು ದಿನ ನಾನೇ ಬರೆದೆ, ಒಂಬತ್ತು, ಒಂಬತ್ತು ಅಂತ."

ಎಣ್ಣೆ ರೋಗ ವಾಸಿ ಮಾಡುತ್ತದೆಂಬ ಭ್ರಮೆ ನರ್ಸಮ್ಮನಿಗೆ ಎಳ್ಳಷ್ಟೂ ಇಲ್ಲ. ಸೀಸೆ ಕಿತ್ತುಕೊಂಡ ಕೈ ತಮ್ಮದೇ ಎಂಬುದನ್ನು ಮಾತ್ರ ಅವರಿಗೆ ಇವತ್ತಿಗೂ ಅರಗಿಸಿಕೊಳ್ಳಲಾಗಿಲ್ಲ.

ಸ್ವಲ್ಪ ದಿನಕ್ಕೇ ನರ್ಸುಗಳ ಸಂಘದಿಂದ ಒಂದು ಹಾಳೆ ಬಂತು: ಗಾಂಜಾವನ್ನು ಔಷಧವಾಗಿ ಕಾನೂನು ಒಪ್ಪಬೇಕೇ, ನರ್ಸುಗಳ ಅಭಿಪ್ರಾಯವೇನು? ಹೆಸರು ಬರೆಯಬಾರದು ಎಂದು ದಪ್ಪ ಅಕ್ಷರದಲ್ಲಿತ್ತು. ನರ್ಸಮ್ಮ "ಒಪ್ಪಬೇಕು" ಎಂದು ಗುರುತು ಹಾಕಿ, "ಅಂಗಡಿಯಲ್ಲಿ ಬೇಡ. ವೈದ್ಯರ ಚೀಟಿ ಇರಲಿ, ನಮ್ಮ ಔಷಧ ಕಪಾಟಿನ ಬೀಗ ಇರಲಿ" ಎಂದು ಬರೆದು, ಕೈ ತಾನಾಗೇ ಓಡಿ, ಕೆಳಗೆ ಹೆಸರು, ಸಹಿ, ಸಮಯವನ್ನೂ ಜಡಿದುಬಿಟ್ಟರು. ಏಳು ಗಂಟೆ ಹತ್ತು ನಿಮಿಷ! ಸಹಿಯಿಲ್ಲದ ಹಾಳೆಯನ್ನು ಅವರ ಕೈ ಜನ್ಮದಲ್ಲಿ ಕಂಡಿದ್ದರೆ ತಾನೇ?

ಒಟ್ಟು ಮೂವತ್ತೇಳು ಹಾಳೆ. ಮೂವತ್ತಾರರಲ್ಲಿ "ಬೇಡ". ಉಳಿದ ಒಂದು ಯಾರದೆಂದು ಸಂಜೆಯೊಳಗೆ ಆಸ್ಪತ್ರೆಗೆಲ್ಲ ಗೊತ್ತಾಗಿತ್ತು. ಎಳೆಯ ನರ್ಸುಗಳು ಗಾಂಜಾ ಸೊಪ್ಪಿನ ಲೆಕ್ಕದಲ್ಲಿ "ಸೊಪ್ಪಿನಕ್ಕ" ಎಂದು ಹೆಸರಿಟ್ಟರು. ಅದನ್ನು ಅವರು ನಕ್ಕು ಹೊಟ್ಟೆಗೆ ಹಾಕಿಕೊಂಡರು. ಆದರೆ ಜೊತೆಗಾತಿಯ ತಮ್ಮ ಗಾಂಜಾ ಚಟಕ್ಕೆ ಬಿದ್ದು ಮನೆ ಬಿಟ್ಟು ಹನ್ನೊಂದು ವರ್ಷವಾಗಿದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಕೆ ಕೇಳಿದ್ದು ಒಂದೇ ಮಾತು: "ನನ್ನ ತಮ್ಮ ನಿನ್ನ ಕಣ್ಣೆದುರಿಗೇ ಹಾಳಾದ. ಅದನ್ನೇ ಔಷಧಿ ಅಂತೀಯಾ?" ಅಂದು ತಿರುಗಿಸಿದ ಮುಖವನ್ನು ಇನ್ನೂ ಈಚೆಗೆ ತಿರುಗಿಸಿಲ್ಲ.

"ಅವಳದ್ದು ತಪ್ಪು ಅಂತ ನಾನು ಹೇಗೆ ಹೇಳಲಿ? ಆ ಹುಡುಗನ್ನ ಹುಡುಕೋಕೆ ಬಸ್ ಸ್ಟ್ಯಾಂಡೆಲ್ಲ ಅವಳ ಜೊತೆ ಅಲೆದವಳು ನಾನು," ಎನ್ನುವಾಗ ನರ್ಸಮ್ಮನ ದನಿ ಸಣ್ಣದಾಗುತ್ತದೆ.

ಹೆಸರಿರುವ ಹಾಳೆ ಲೆಕ್ಕಕ್ಕಿಲ್ಲವೆಂದು ಸಂಘ ಅದನ್ನು ಈ ವಾರ ವಾಪಸು ಕಳಿಸಿದೆ. ಮೇಟ್ರನ್ ಹೊಸ ಹಾಳೆ ಕೊಡುತ್ತಾ ಮೆಲ್ಲಗೆ ಹೇಳಿದ್ದಾರೆ: "ಈ ಸಲ ಬೇಡ ಅಂತ ಹಾಕಿಬಿಡಮ್ಮ. ಅವಳ ಹತ್ರ ನಾನೇ ಮಾತಾಡ್ತೀನಿ. ಎಲ್ಲಾ ಮೊದಲಿನ ಹಾಗಾಗುತ್ತೆ."

ಮೂರು ದಿನ ಆ ಹಾಳೆ ಜೇಬಿನಲ್ಲೇ ಇತ್ತು. ಇವತ್ತು ಪಾಳಿ ಮುಗಿಸಿ, ಕೈ ತೊಳೆದು, ಮೇಟ್ರನ್ ಮೇಜಿನ ಮೇಲಿಟ್ಟು ಬಂದಿದ್ದಾರೆ. ಗುರುತು ಮೊದಲಿನ ಜಾಗದಲ್ಲೇ ಇದೆ.

ಹಿಂದಿನ ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಹೇಳುತ್ತಾರೆ: "ಕಾನೂನು ಬರುತ್ತೋ ಬಿಡುತ್ತೋ, ಅದು ದೊಡ್ಡವರ ವಿಷಯ. ನನಗೆ ಅವಳು ಒಂದ್ಸಲ ಇಲ್ಲಿ ಬಂದು ಕೂತ್ರೆ ಸಾಕು. ಬೈಲಿ, ಬಾಯಿಗೆ ಬಂದ ಹಾಗೆ ಬೈಲಿ. ನಾನು ಎದ್ದು ಹೋಗಲ್ಲ. ಒಪ್ಪೋದೂ ಇಲ್ಲ."