ದುಂಡಗೆ ಇಡಿಸಿದ ಕುರ್ಚಿಗಳು

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಾನು ರಾಣೆಬೆನ್ನೂರಿನಲ್ಲಿ ಮನೆ, ಗೋದಾಮುಗಳ ನಕ್ಷೆ ಬರೆದುಕೊಂಡಿದ್ದೆ. ಪರಿಚಯದ ವೈದ್ಯರೊಬ್ಬರು ತಮ್ಮ ಆಸ್ಪತ್ರೆಯ ಹಿಂಭಾಗದ ಹಳೇ ಕೋಣೆಯನ್ನು ಕ್ಯಾನ್ಸರ್ ರೋಗಿಗಳಿಗೆ ಕಿಮೋ ಕೊಡುವ ವಾರ್ಡಾಗಿ ಮಾಡಿಸಬೇಕೆಂದಾಗ ಕೂಡಲೇ ಒಪ್ಪಿದೆ. ಬ್ಯಾಡಗಿಯಲ್ಲಿದ್ದ ನನ್ನ ಅಕ್ಕನಿಗೆ ಎದೆಯ ಗಂಟಿನ ಆಪರೇಷನ್ ಆಗಿತ್ತು. ಕಿಮೋಗೆಂದು ದೂರದ ಆಸ್ಪತ್ರೆಗೆ ಹೋದಾಗ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳು ಗೋಡೆ ನೋಡುತ್ತ ಕೂತಿದ್ದನ್ನು ಕಂಡಿದ್ದೆ.

ನಮ್ಮ ವಾರ್ಡು ಹಾಗಿರಬಾರದು ಅನಿಸಿತು. ಬೇವಿನ ಮರದ ಅಂಗಳಕ್ಕೆ ದೊಡ್ಡ ಕಿಟಕಿ ಇಟ್ಟೆ. ರೋಗಿಗಳು ಮಾತಾಡಿಕೊಂಡಿರಲಿ ಎಂದು ಕುರ್ಚಿಗಳನ್ನು ದುಂಡಗೆ ಇಡಿಸಿದೆ.

ಎರಡು ತಿಂಗಳೊಳಗೆ ವಾರ್ಡು ಸಿದ್ಧವಾಯಿತು. ಉಳಿದ ಕಿಮೋಗಳಿಗೆ ಅಕ್ಕ ಅಲ್ಲಿಗೇ ಬಂದಳು. "ಚಲೋ ಬೆಳಕ ಐತಿ ತಮ್ಮಾ" ಅಂದಳು. ಸಲೈನ್ ಹಚ್ಚಿದ ಮೇಲೆ ಎದುರಿನ ಕುರ್ಚಿಗೆ ಒಬ್ಬ ಹೆಂಗಸು ಬಂದರು. ಅಕ್ಕನ ಓಣಿಯವರೇ. ಮಗಳ ಬಾಣಂತನಕ್ಕೆ ಓಡಾಡುತ್ತಿದ್ದೇನೆಂದು ಅವರು ಊರಿಗೆಲ್ಲ ಹೇಳಿದ್ದರು. ಅಕ್ಕ ಮಂಡಿನೋವು ಅಂದಿದ್ದಳು. ಇಬ್ಬರೂ ಸೆರಗು ಮುಂದಕ್ಕೆ ಎಳೆದುಕೊಂಡರು. ಸಲೈನ್ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಮುಂದಿನ ಸರ್ತಿ ಆ ಹೆಂಗಸು ಬರಲಿಲ್ಲ.

"ನನ್ನ ನೋಡಿ ಬರೂದ ಬಿಟ್ಟಾಳೇನು?" ಎಂದು ಅಕ್ಕ ಕೇಳಿದಳು. "ಹಿಂಗ ಎದುರಾಬದುರು ಯಾಕ ಕುಂದ್ರಸೀದಿ?"

ಕುರ್ಚಿಗಳನ್ನು ಕಿಟಕಿಯತ್ತ ತಿರುಗಿಸಿ, ನಡುನಡುವೆ ಪರದೆ ಹಾಕಿಸಿದೆ. ಆದರೂ ಅವರ ಸುದ್ದಿಯಿಲ್ಲ. ಕೊನೆಗೆ ಅಕ್ಕನೇ ಅವರ ಮನೆಗೆ ಹೋದಳು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಅವಳ ದನಿ ಕೇಳಿಸಿತು.

"ನನ್ನ ತಲಿ ನೋಡಬೇ, ಒಂದು ಕೂದಲಿಲ್ಲ. ನಾ ಯಾರ ಮುಂದೂ ಹೇಳಂಗಿಲ್ಲ. ನಾಳೆ ಕೂಡೇ ಹೋಗೂಣು."

ಆಮೇಲೆ ಅಳು. ಯಾರದೆಂದು ತಿಳಿಯಲಿಲ್ಲ.

ಮರುದಿನ ಇಬ್ಬರೂ ಒಂದೇ ಬಸ್ಸಿಗೆ ಬಂದರು. ಪಕ್ಕಪಕ್ಕದಲ್ಲಿ ಕೂತು ಪರದೆಯ ಆಚೀಚೆಯಿಂದ ಸಣ್ಣಗೆ ಮಾತಾಡಿದರು. ಆದರೆ ಔಷಧಿ ತಪ್ಪಿದ್ದ ದಿನಗಳಲ್ಲಿ ಆ ಹೆಂಗಸಿನ ರೋಗ ಜೋರಾಗಿತ್ತು. ಕಿಮೋ ತಪ್ಪಿದ್ದಕ್ಕೇ ಹೀಗಾಯಿತೇ ಎಂದು ವೈದ್ಯರನ್ನು ಕೇಳಿದೆ. "ಹಂಗ ಹೇಳಾಕ ಬರೂದಿಲ್ರಿ" ಅಂದರು. ಬೇಸಿಗೆಗೆ ಮುಂಚೆಯೇ ಆ ಹೆಂಗಸು ತೀರಿಕೊಂಡರು.

ಮಣ್ಣು ಮಾಡಿದ ದಿನ ಓಣಿಯವರು ಏನಾಗಿತ್ತೆಂದು ವಿಚಾರಿಸಿದರು. "ಜ್ವರ" ಅಂದಳು ಮಗಳು. ಪಕ್ಕದಲ್ಲಿದ್ದ ಅಕ್ಕ ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಅಕ್ಕ ಗುಣವಾದಳು. ಕೆಲವು ತಿಂಗಳ ಬಳಿಕ ವೈದ್ಯರು ವಾರ್ಡು ದೊಡ್ಡದು ಮಾಡಲು ಕರೆದಾಗ, ನಕ್ಷೆ ಬರೆಯುವ ಮೊದಲು ಅಲ್ಲಿ ಕೂತವರನ್ನೇ ಕೇಳೋಣವೆಂದು ಹೋದೆ. ತಾವು ಇಲ್ಲಿಗೆ ಬರುವುದು ಊರಿಗೆ ತಿಳಿದೀತೆಂದು ಹೆಚ್ಚಿನವರು ನನ್ನ ಜೊತೆ ಮಾತಾಡಲು ಒಪ್ಪಲಿಲ್ಲ.