ಉಜ್ಜದ ಅಂಚು

ಹಿತ್ತಲಿನಿಂದ ಟಕ್ ಎಂಬ ಸದ್ದು. ಅದರ ಬೆನ್ನಿಗೇ ಗಾಜು ಜಾರಿದಂಥ ಸಣ್ಣ ಕಿಣಿ. ಕಿಣಿ ಕೇಳಿದರೆ ಚಕ್ಕೆ ಸರಿಯಾಗಿ ಎದ್ದಿದೆ ಎಂದರ್ಥ. ಬರೀ ಟಕ್ ಆದರೆ ದೊಡ್ಡಪ್ಪ ಕಲ್ಲಿಗೆ ಬೈಯುತ್ತಾನೆ.

ನಿವೃತ್ತನಾದ ಮೇಲೆ ಅವನಿಗೆ ಆದಿಮಾನವನಾಗುವ ಹುಚ್ಚು. ಚಕಮಕಿ ಕಲ್ಲು ಒಡೆದು ಕೊಡಲಿ, ಚೂರಿ ಮಾಡುತ್ತಾನೆ. ಗಡ್ಡವನ್ನೂ ಬಿಟ್ಟಿದ್ದಾನೆ, ಪೂರ್ತಿ ತಾನೇ ಮಾಡಿದ್ದೆಂದರೆ ಅದೊಂದೇ. ಓಣಿಯವರು ‘ಚಕಮಕಿ’ ಎಂದು ಕರೆದರೆ ಬಿರುದು ಸಿಕ್ಕಂತೆ ತಲೆದೂಗುತ್ತಾನೆ.

ನಾನು ಹೇಳಹೊರಟದ್ದು ದೊಡ್ಡಮ್ಮನ ವಿಷಯ. ಮೊನ್ನೆ ಮೊನ್ನೆಯವರೆಗೂ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ತೇಯ್ದವಳು. ಅಂಚು ತೇಯದ ಗಾಜು ಚೌಕಟ್ಟಿಗೆ ಕೂರುವ ಮೊದಲೇ ಚೂರೇಳುತ್ತದೆಂದು ಅವಳ ಬೆರಳಿಗೇ ಗೊತ್ತು. ದೊಡ್ಡಪ್ಪ ಕಲ್ಲು ಆರಿಸಿಟ್ಟು ಕಾಫಿಗೆ ಹೋದಾಗ, ಪಾತ್ರೆ ತೊಳೆದ ಕೈಯಲ್ಲೇ ಒರಟು ಕಲ್ಲೊಂದನ್ನು ಹಿಡಿದು, ಏಟು ಬೀಳುವ ಅಂಚನ್ನು ಉಜ್ಜಿಡುತ್ತಾಳೆ. ಕಾಗದದಂತಿದ್ದ ಅಂಚು ಮೊಂಡಾಗಿ ಏಟು ತಡೆದುಕೊಳ್ಳುತ್ತದೆ. ಅವನು ಬಂದು ಹೊಡೆಯುತ್ತಾನೆ, ಚಕ್ಕೆ ಏಳುತ್ತದೆ.

“ನೋಡಿದ್ಯಾ, ಎಲ್ಲ ಮಣಿಕಟ್ಟಿನಲ್ಲಿದೆ.”

“ಹೂಂ, ನೋಡ್ತಾನೇ ಇದೀನಿ,” ಎನ್ನುತ್ತಾಳೆ.

ವಸ್ತುಸಂಗ್ರಹಾಲಯದಲ್ಲಿ ಪ್ರತಿ ಭಾನುವಾರ ಹೊಸಬರಿಗೆ ಇದನ್ನು ಕಲಿಸುವವರು ಬೇಕಾಗಿದ್ದರು. ಮೊದಲು ಒಂದು ಸಲ ಕಲಿಸಿ ತೋರಿಸಿ ಎಂದು ದೊಡ್ಡಪ್ಪನಿಗೆ ಹೇಳಿದರು. ಅಲ್ಲಿನ ಬಾಗಿಲಿಗೆ ಹಾಕುವ ಬೋರ್ಡಿನಲ್ಲಿ ಅವನ ಹೆಸರಿನ ಜೊತೆ ತನ್ನ ಹೆಸರನ್ನೂ ಬರೆಸಿ ಎಂದಳು ದೊಡ್ಡಮ್ಮ.

“ಉಜ್ಜೋದಕ್ಕೂ ಹೆಸರಾ?” ದೊಡ್ಡಪ್ಪ ನಕ್ಕ. “ಹಾಗಾದರೆ ನಮ್ಮನೆ ಪೊರಕೆಗೂ ಒಂದು ಬೋರ್ಡ್ ಹಾಕಿಸೋಣ.”

“ಸರಿ ಬಿಡಿ,” ಎಂದಳು. ಭಾನುವಾರಕ್ಕೆಂದು ಅವನು ಆರಿಸಿಟ್ಟ ಕಲ್ಲುಗಳಿಗೆ ಒರಟು ಕಲ್ಲನ್ನು ಮುಟ್ಟಿಸಲೇ ಇಲ್ಲ. ಅವನಿಗೆ ಗೊತ್ತೂ ಆಗಲಿಲ್ಲ.

ಭಾನುವಾರ ಸಂಗ್ರಹಾಲಯದ ಜಗಲಿಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಳು, ಪಕ್ಕದಲ್ಲಿ ನಾನು. ದೊಡ್ಡಪ್ಪ ತೊಡೆಯ ಮೇಲೆ ಚರ್ಮ ಹಾಸಿಕೊಂಡ.

“ಕಲ್ಲನ್ನ ತೊಡೆಗೆ ಒತ್ತಿ ಹಿಡೀರಿ. ನಡುವೆ ಹೊಡೀಬೇಡಿ, ಅಂಚಿನ ಹತ್ತಿರ, ಸ್ವಲ್ಪ ಓರೆಯಾಗಿ. ಚಕ್ಕೆ ಕೆಳಗಡೆ ಏಳುತ್ತೆ, ಅಲ್ಲಿ ಬೆರಳಿಡಬೇಡಿ.”

ಎಲ್ಲ ಸರಿಯೇ. ಉಜ್ಜುವ ಮಾತು ಮಾತ್ರ ಬರಲಿಲ್ಲ. ಗುಂಡುಕಲ್ಲೆತ್ತಿ ಹೊಡೆದ. ಅಂಚು ರವೆಯಾಗಿ ಉದುರಿತು. ಮತ್ತೆ ಹೊಡೆದ, ಮತ್ತೆ ರವೆ.

“ಕಲ್ಲು ಸರಿಯಿಲ್ಲ,” ಎಂದ.

“ಇನ್ನು ನೆಲ ಡೊಂಕು ಅನ್ನೋದೊಂದು ಬಾಕಿ,” ದೊಡ್ಡಮ್ಮ ನನ್ನ ಕಿವಿಯಲ್ಲಿ ಅಂದಳು.

ಸಿಟ್ಟಿನ ಮುಂದಿನ ಏಟಿಗೆ ಕಲ್ಲು ಎರಡು ಹೋಳಾಯಿತು. ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಸಾಲುಗಳಲ್ಲಿ ಅವಳನ್ನು ಹುಡುಕಿದ. “ಲೇ, ಇದನ್ನ ಉಜ್ಜಿರಲಿಲ್ವಾ?”

ಸಂಗ್ರಹಾಲಯದ ಮೇಲ್ವಿಚಾರಕಿ ಅವಳ ಕಡೆ ತಿರುಗಿದರು. “ಉಜ್ಜೋದಾ? ಅದು ಯಾಕಮ್ಮಾ?”

ದೊಡ್ಡಮ್ಮ ಎದ್ದು ಚೀಲ ಹೆಗಲಿಗೇರಿಸಿದಳು.

“ಉಜ್ಜದಿದ್ದರೆ ಅಂಚು ಪುಡಿಯಾಗುತ್ತೆ, ಏಟು ಒಳಗೆ ಹೋಗಲ್ಲ. ಅದು ಪೊರಕೆ ಕೆಲಸ ಮೇಡಂ, ಇವರಿಗೆ ಗೊತ್ತಿರಲ್ಲ. ನಿಮಗೆ ಕಲೀಬೇಕು ಅಂತಿದ್ದರೆ ಮೊದಲು ಆ ಬೋರ್ಡನ್ನ ಇಳಿಸಿ,” ಎನ್ನುತ್ತ ಚಪ್ಪಲಿ ಮೆಟ್ಟಿ, ದೊಡ್ಡಪ್ಪನ ಕಡೆ ಕಣ್ಣೂ ಹಾಯಿಸದೆ ಮೆಟ್ಟಿಲಿಳಿದಳು, “ಆಮೇಲೆ ನನ್ನ ಹೆಸರು ಬರೆಸಿ ಹೇಳಿಕಳಿಸಿ.”