ಸೂರಿನ ಪೂರ್ವಾಪರ ಕೇಳುವ ಒಲೆ ಬಾನಮ್ಮ

ಹೆಬ್ಬೂರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡೇರಿಗೆ ಹಾಲು ಹಾಕಲು ಹೊರಟವರ ಕ್ಯಾನಿನ ಸದ್ದು ಬಿಟ್ಟರೆ ಬೀದಿಯಲ್ಲಿ ಮಾತಿಲ್ಲ. ವೆಂಕಟಯ್ಯನವರ ಅಡುಗೆಮನೆಯಲ್ಲಿ ಅಖ್ತರ್ ಬಾನು ಸೆರಗನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿದ್ದಾರೆ. ನೆತ್ತಿಯ ಮೇಲಿನ ಹೆಂಚುಗಳನ್ನು ಬೆರಳ ಗೆಣ್ಣಿನಿಂದ ಒಂದೊಂದಾಗಿ ತಟ್ಟುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಮತ್ತೆ ತಟ್ಟುತ್ತಾರೆ. ಕೆಳಗೆ ನಿನ್ನೆ ಕಟ್ಟಿ ಮೆತ್ತಿದ ಹೊಸ ಒಲೆ, ಪಕ್ಕದಲ್ಲಿ ಅದಕ್ಕೆ ಜೋಡಿಸಬೇಕಾದ ತಗಡಿನ ಹೊಗೆ ಪೈಪು.

"ಈ ಸೂರನ್ನ ಯಾವತ್ತಾದ್ರೂ ತೆಗೆಸಿದ್ರಾ ಯಜಮಾನ್ರೇ?"

"ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸ್ತೀವಲ್ಲ," ಎನ್ನುತ್ತಾರೆ ವೆಂಕಟಯ್ಯ.

"ಅದಲ್ಲ. ಯಾರನ್ನಾದ್ರೂ ಈ ದಾರೀಲಿ ಕಳ್ಸಿದ್ರಾ ಅಂತ."

ಬೆಳ್ಳಂಬೆಳಗ್ಗೆ ಕೇಳುವ ಮಾತೇ ಇದು? ವೆಂಕಟಯ್ಯನವರ ಮುಖ ಸಪ್ಪಗಾಗುತ್ತದೆ. "ಇಲ್ಲ ಕಣಮ್ಮ. ನಮ್ಮನೇಲಿ ಹೋದೋರೆಲ್ಲ ಬಾಗಿಲಲ್ಲೇ ಹೋಗವ್ರೆ." ಅಷ್ಟು ಕೇಳಿದ ಮೇಲೇ ಬಾನು ಮೊದಲ ಹೆಂಚಿಗೆ ಕೈ ಹಾಕುತ್ತಾರೆ.

ಗುಬ್ಬಿಯಿಂದ ಕುಣಿಗಲ್‌ವರೆಗೆ ಇವರನ್ನು ಜನ ಕರೆಯುವುದು ಒಲೆ ಬಾನಮ್ಮ ಎಂದು. ಹೊಗೆ ಮನೆಯೊಳಗೆ ಸುತ್ತಾಡದೆ, ಪೈಪಿನಲ್ಲಿ ಸೂರಿನಾಚೆ ಹೋಗುವ ಸೌದೆ ಒಲೆಗಳನ್ನು ಕಟ್ಟಿಕೊಡುವುದು ಅವರ ಕಸುಬು. ಗಂಡ ರಹಮತ್ ಉಲ್ಲಾ ಗುಬ್ಬಿಯಲ್ಲಿ ತಗಡಿನ ಕೆಲಸದವರು. ಬಕೆಟ್ಟು, ಹಿಟ್ಟಿನ ಡಬ್ಬ, ಎಣ್ಣೆ ಅಳೆಯುವ ಮಾಪು ಎಲ್ಲ ಅವರ ಕೈಯಲ್ಲೇ ಆಗುತ್ತಿದ್ದವು. ಪ್ಲಾಸ್ಟಿಕ್ ಬಂತು, ಸುತ್ತಿಗೆಯ ಸದ್ದು ನಿಂತಿತು. ಸಂಸಾರ ಅರೆಹೊಟ್ಟೆಗೆ ಬಂದ ಹೊತ್ತಿನಲ್ಲಿ, ಅಂದರೆ 1993ರಲ್ಲಿ, ಹೆಂಗಸರಿಗೆ ಹೊಗೆಯಿಲ್ಲದ ಒಲೆ ಕಟ್ಟುವುದನ್ನು ಕಲಿಸುವ ಶಿಬಿರವೊಂದು ತುಮಕೂರಿನಲ್ಲಿ ನಡೆಯಿತು. "ನಾನು ಪೈಪು ಸುತ್ತಬಲ್ಲೆ. ಆದ್ರೆ ಯಾರ ಮನೆ ಅಡುಗೆಮನೇಗೆ ಗಂಡಸು ನುಗ್ಗಾಕಾಗುತ್ತೆ? ಇವಳಾದ್ರೆ ಹೋಯ್ತಾಳೆ," ಎಂದು ರಹಮತ್ ಉಲ್ಲಾ ತಾವೇ ಹೆಂಡತಿಯ ಹೆಸರು ಬರೆಸಿ ಬಂದರು.

ಈಗಲೂ ಗುಬ್ಬಿಯ ಮೊದಲ ಬಸ್ಸಿನ ಟಾಪಿನ ಮೇಲೆ ಅವರ ಪೈಪುಗಳು ಉರುಳಾಡುತ್ತವೆ. "ಬಾನಮ್ಮನ ಫಿರಂಗಿ ಹತ್ತಿತೇನ್ರೋ?" ಎಂದು ಕಂಡಕ್ಟರು ಕೇಳಿದ ಮೇಲೇ ರೈಟ್ ಹೇಳುವುದು. ಒಂದು ಒಲೆಗೆ ಎರಡು ದಿನದ ಕೆಲಸ, ರಾತ್ರಿ ಆ ಮನೆಯಲ್ಲೇ ತಂಗಿ ಮರುದಿನ ಕತ್ತಲಾಗುವಾಗ ವಾಪಸ್ಸು. ಕೆಮ್ಮು, ಕಣ್ಣುರಿ, ಏಣಿಯಿಂದ ಬಿದ್ದು ಸೊಟ್ಟಗಾದ ಮಣಿಕಟ್ಟು ಇವೆಲ್ಲ ಕಸುಬಿನ ಬಳುವಳಿ. ಇದುವರೆಗೆ ಎಷ್ಟು ಮನೆಗೆ ಒಲೆ ಹಾಕಿದ್ದೀರಿ ಎಂದರೆ ನಗುತ್ತಾರೆ. "ಲೆಕ್ಕ ಇಟ್ಟಿಲ್ಲ ಸಾರ್. ಮೊದಲ್ನೇದು ಮಾತ್ರ ಮರ್ತಿಲ್ಲ."

ಆ ಮೊದಲನೆಯದು ಗೂಳೂರಿನಲ್ಲಿ. ಸರ್ವಮಂಗಳಮ್ಮ ಎಂಬ ಹಿರಿಯರ ಮನೆ. ಸೊಸೆ ಮಂಜುಳಮ್ಮ ತುಂಬು ಬಸುರಿ, ಒಲೆ ಮುಂದೆ ಕೂತರೆ ಉಸಿರು ಸಿಕ್ಕಿಹಾಕಿಕೊಳ್ಳುವಂಥ ಕೆಮ್ಮು. ಅವಳು ಮಗನ ಎರಡನೇ ಹೆಂಡತಿ. ಮೊದಲನೆಯವಳು ಗಂಗಾಂಬಿಕೆ ಅದೇ ಕೆಮ್ಮಿನಲ್ಲಿ ಹೋಗಿದ್ದಳು. ಆ ಸುದ್ದಿಯನ್ನು ಮನೆಯವರು ಬಾನುಗೆ ಹೇಳಿರಲಿಲ್ಲ. ಒಲೆ ಕಟ್ಟಲು ಬಂದವಳಿಗೆ ಮನೆಯ ಸಾವು ನೋವು ಯಾಕೆ ಹೇಳುತ್ತಾರೆ?

ಶಿಬಿರದಲ್ಲಿ ಮಣ್ಣು ಕಲಸಿದ್ದು ಬಿಟ್ಟರೆ ನಿಜವಾದ ಮನೆಯ ಸೂರಿಗೆ ಬಾನು ಕೈ ಹಾಕಿದ್ದು ಅದೇ ಮೊದಲು. ಹಳೆಯ ಹೆಂಚುಗಳು ಒಂದಕ್ಕೊಂದು ಕಚ್ಚಿಕೊಂಡು ಅಲುಗುತ್ತಿರಲಿಲ್ಲ. ಒಂದು ಕಡೆ ಮಾತ್ರ ಹತ್ತಾರು ಹೆಂಚಿನ ಬಣ್ಣ ಬೇರೆ. ಮುಟ್ಟಿದರೆ ಸಾಕು, ಕಳಚಿ ಕೈಗೇ ಬಂದವು. ಕೆಲಸ ಹಗುರಾಯಿತು ಎಂದುಕೊಂಡು ಅಲ್ಲಿಂದಲೇ ಪೈಪು ಏರಿಸಿದರು. ಪೈಪು ಕೂತ ಕೂಡಲೇ, ಒಲೆಗೆ ಇನ್ನೂ ಕಡ್ಡಿ ಗೀರುವ ಮೊದಲೇ, ಒಳಗಿನಿಂದ ಯಾರೋ ದೀರ್ಘವಾಗಿ ಉಸಿರೆಳೆದ ಹಾಗೆ ಸದ್ದಾಯಿತು. "ಹೊರಗೆ ತೆಂಗಿನ ಗರಿ ಅಲುಗ್ತಿರ್ಲಿಲ್ಲ ಸಾರ್. ಗಾಳಿ ಅಂತ ನಂಗೆ ನಾನೇ ಹೇಳ್ಕೊಂಡೆ."

ಎರಡು ದಿನ ಕಳೆದು ಗೂಳೂರಿನಿಂದ ಗುಬ್ಬಿಗೆ ಆಳು ಬಂದ. ಬಾನು ಹೋಗಿ ನೋಡಿದರೆ ಊರೇ ಅಂಗಳದಲ್ಲಿದೆ, ಒಳಗೆ ಹೋಗುವ ಧೈರ್ಯ ಮಾತ್ರ ಒಬ್ಬರಿಗೂ ಇಲ್ಲ. ಒಳಗಿದ್ದವಳು ಮಂಜುಳಮ್ಮ ಒಬ್ಬಳೇ. ಪೈಪಿನ ಜೋಡಣೆಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಮಳೆಯಿಲ್ಲ, ಮಂಜಿಲ್ಲ. ಗೋಡೆಯ ಮೇಲೆ ಎರಡು ಎಳೆಯಾಗಿ ಇಳಿದು, ಗಂಗಾಂಬಿಕೆ ಅಡುಗೆಗೆ ಕೂರುತ್ತಿದ್ದ ಜಾಗದಲ್ಲೇ ಮಡುಗಟ್ಟಿತ್ತು.

"ಹಿರೀ ಸೊಸೆ ಬಂದವ್ಳೆ," ಎಂದರು ಸರ್ವಮಂಗಳಮ್ಮ.

ಆಮೇಲೆ ಗೊತ್ತಾಯಿತು. ಗಂಗಾಂಬಿಕೆ ಸತ್ತದ್ದು ಕೆಟ್ಟ ನಕ್ಷತ್ರದಲ್ಲಿ. ಅಂಥ ಸಾವಾದರೆ ಹೆಣವನ್ನು ಬಾಗಿಲಿನಿಂದ ಒಯ್ಯಬಾರದು, ಹೆಂಚು ತೆಗೆದು ಸೂರಿನಿಂದ ಸಾಗಿಸಬೇಕು, ಕೆಲ ತಿಂಗಳು ಮನೆಗೆ ಬೀಗ ಹಾಕಬೇಕು ಎಂಬುದು ಆ ಮನೆತನದಲ್ಲಿ ನಡೆದುಬಂದ ಪದ್ಧತಿ. ಬಣ್ಣ ಬೇರೆಯಿದ್ದ ಆ ಹೆಂಚುಗಳು ಅವಳು ಹೋದ ದಾರಿ. ಬಾನು ಪೈಪು ಕೂರಿಸಿದ್ದು ಅದೇ ದಾರಿಗೆ.

ಮೊದಲ ತುತ್ತಿನಲ್ಲೇ ಕಲ್ಲು. ಊರ ಬಾಯಿಗೆ ಬೀಗ ಹಾಕುವವರು ಯಾರು? ಈ ಪೈಪು ಕಿತ್ತರೆ ಇನ್ನು ಈ ಸೀಮೆಯ ಯಾವ ಅಡುಗೆಮನೆಗೂ ತನ್ನನ್ನು ಸೇರಿಸುವುದಿಲ್ಲ ಎಂಬುದು ಬಾನುಗೆ ಹೊಳೆಯಿತು. ಅದಕ್ಕಿಂತ ಹೆಚ್ಚಾಗಿ ಒಳಗಿನಿಂದ ಮಂಜುಳಮ್ಮನ ಕೆಮ್ಮು ಕೇಳಿಸುತ್ತಿತ್ತು. ಒಳಗೆ ಹೋಗಿ ಜೋಡಣೆಯನ್ನು ಬೆರಳಿನಿಂದ ತಡಕಿದರು. ತಪ್ಪು ತಿಳಿಯಿತು. ಹೊಗೆ ಮೇಲಕ್ಕೆ ತಾನೇ ಹೋಗುವುದು ಎಂದು ಕೆಳಗಿನ ಪೈಪಿನ ತುದಿಯನ್ನು ಮೇಲಿನದರೊಳಗೆ ತೂರಿಸಿದ್ದರು. ಹಸಿ ಮಟ್ಟೆ ಉರಿದಾಗ ಹೊಗೆ ತಣಿದು ಕಪ್ಪು ರಸವಾಗುತ್ತದೆ, ರಸ ಇಳಿಯುವುದು ಕೆಳಕ್ಕೆ. ಮೇಲಿನ ಪೈಪು ಕೆಳಗಿನದರೊಳಗೆ ಕೂತಿದ್ದರೆ ಅದು ಒಳಗೇ ಇಳಿದು ಒಲೆಯಲ್ಲಿ ಉರಿದುಹೋಗುತ್ತಿತ್ತು.

"ಇದು ನನ್ನ ತಪ್ಪು ಅಜ್ಜಿ. ಜೋಡಣೆ ತಿರುಗಾಮುರುಗಾ ಹಾಕಿದೀನಿ," ಎಂದು ಹೊರಗೆ ಬಂದು ಒಪ್ಪಿಕೊಂಡರು.

ಸರ್ವಮಂಗಳಮ್ಮ ಸಿಟ್ಟಾಗಲಿಲ್ಲ. "ನೀನು ತಪ್ಪು ಹಾಕಿರ್ಬೋದು ಕಣವ್ವ. ಆದ್ರೆ ಆ ಜಾಗ ನಿಂಗೆ ತೋರ್ಸ್ದೋರು ಯಾರು?"

ಆ ಪ್ರಶ್ನೆ ಬಾನುವನ್ನು ಇವತ್ತಿಗೂ ಬಿಟ್ಟಿಲ್ಲ.

"ತೆಗ್ದುಬುಡು," ಎಂದರು ಅಜ್ಜಿ. ಆಗ ಮಂಜುಳಮ್ಮ ಹೊಸ್ತಿಲಿಗೆ ಬಂದು ನಿಂತಳು. "ಅಕ್ಕ ಬಂದ್ರೆ ಬರ್ಲಿ ಬುಡಿ ಅತ್ತೆ. ಹೊಗೆ ಕುಡ್ಕೊಂಡೇ ಹೋದೋಳು. ಹೊಗೆ ಇಲ್ದಿರೋ ಮನೇನ ಒಂದ್ಸಲ ನೋಡ್ಲಿ. ಪೈಪು ಕಿತ್ತಾಕಿದ್ರೆ ನಾನೂ ಅವಳ ಹಿಂದೇನೇ ಹೋಯ್ತೀನಿ." ಅಜ್ಜಿ ಅಂಗಳದ ಕಲ್ಲಿನ ಮೇಲೆ ಕೂತರು. ಅದನ್ನೇ ಒಪ್ಪಿಗೆ ಅಂದುಕೊಂಡು ಬಾನು ಜೋಡಣೆ ಬಿಚ್ಚಿ ಸರಿಮಾಡಿದರು. ಕಪ್ಪು ನೀರು ನಿಂತಿತು. ಹೆರಿಗೆಯಾಗಿ ತಾಯಿ ಮಗು ಉಳಿದರು, ಮಂಜುಳಮ್ಮನ ಕೆಮ್ಮು ಮೆಲ್ಲಗೆ ಬಿಟ್ಟಿತು. ಅಂದಿನಿಂದ ಬಾನು ಸೂರಿನ ಪೂರ್ವಾಪರ ಕೇಳದೆ ಒಂದು ಹೆಂಚನ್ನೂ ಎತ್ತುವುದಿಲ್ಲ.

ಪ್ರತಿ ವರ್ಷ ಮಸಿ ತೆಗೆಯಲು ಗೂಳೂರಿಗೆ ಹೋಗುತ್ತಿದ್ದರು. ಬೆಳಗಿನ ಜಾವ ಒಲೆ ಹಚ್ಚುವ ಮೊದಲು ಮಂಜುಳಮ್ಮ ಒಲೆಯ ಬಾಯಿಗೆ ಬಗ್ಗಿ, ಇವತ್ತು ಏನಡುಗೆ ಎಂದು ಹೇಳುವುದನ್ನು ಕಣ್ಣಾರೆ ನೋಡಿದ್ದಾರೆ. ಪೈಪು ಹೂಂಗುಟ್ಟುವುದನ್ನು ಕಿವಿಯಾರೆ ಕೇಳಿದ್ದಾರೆ. "ಹೆದ್ರಿಕೆ ಆಗ್ಲಿಲ್ವಾ ಅಂದ್ರೆ, ಆಯ್ತು. ಮಸಿ ತೆಗ್ದು ಬಂದೆ."

ಈ ವರ್ಷ, 2008ರ ಶುರುವಿನಲ್ಲಿ, ಆ ಮನೆಗೆ ಗ್ಯಾಸ್ ಬಂತು. ಹೆಂಚು ಇಳಿಸಿ ಸಿಮೆಂಟಿನ ಮೋಲ್ಡ್ ಹಾಕಲು ನಿಂತರು. ಒಲೆ ಒಡೆದಾಯಿತು, ಪೈಪು ಗುಜರಿಗೆ ಹೋಯಿತು. ಮಂಜುಳಮ್ಮನೂ ಬೇಡ ಎನ್ನಲಿಲ್ಲ. ಹಟ ಹಿಡಿದದ್ದು ಸರ್ವಮಂಗಳಮ್ಮ. ಕಣ್ಣು ಪೂರ್ತಿ ಹೋಗಿದೆ, ಹಾಸಿಗೆ ಬಿಟ್ಟು ಏಳುವುದಿಲ್ಲ. ಮೋಲ್ಡಿನಲ್ಲಿ ತೂತು ಬಿಡಿ, ಬಾನಮ್ಮನನ್ನು ಕರೆಸಿ ಎಂದು ಅನ್ನ ನೀರು ಬಿಟ್ಟರು. ಮಳೆ ನೀರು ಸೋರುತ್ತದೆ ಎಂದ ಮೇಸ್ತ್ರಿ. ಒಲೆಯೇ ಇಲ್ಲದ ಮೇಲೆ ಪೈಪು ಯಾಕವ್ವ ಎಂದ ಮಗ. ಅಜ್ಜಿ ಬಗ್ಗಲಿಲ್ಲ.

ಬಾನು ಹೋಗಿ ಹಾಸಿಗೆಯ ಪಕ್ಕ ಕೂತಾಗ ಅಜ್ಜಿ ಕೈ ಹಿಡಿದುಕೊಂಡರು. "ಗಂಗಾಂಬಿಕೆ ಬದುಕಿದ್ದಾಗ ಕೇಳಿದ್ಲು ಕಣೇ. ಒಂದೇ ಒಂದು ಹೆಂಚು ತೆಗೆಸಿ ಅತ್ತೆ, ಹೊಗೆ ಹೋಗ್ಲಿ ಅಂತ. ಸೂರು ತೂತಾದ್ರೆ ಮನೇಗೆ ಆಗಲ್ಲ ಅಂದೆ. ಸತ್ತ ಮೇಲೆ ತೆಗೆಸ್ದೆ. ಈಗ ಮುಚ್ಚಿದ್ರೆ ಎರಡನೇ ಸಲ ಇಲ್ಲ ಅಂದಂಗಾಯ್ತದೆ."

ಬಾನು ಪೈಪು ಕೂರಿಸಿದರು. ತಾರಸಿಯ ತೂತಿಗೆ ಸಿಮೆಂಟು ಮೆತ್ತಿ, ನೀರು ಇಳಿಯದಂತೆ ಮೇಲೆ ತಗಡಿನ ಟೋಪಿ ಹಾಕಿದರು. ಪೈಪು ಗ್ಯಾಸ್ ಕಟ್ಟೆಯ ಪಕ್ಕದ ಖಾಲಿ ಮೂಲೆಯಲ್ಲಿ, ಗೋಡೆಯ ಅರ್ಧಕ್ಕೆ ಬಂದು ನಿಂತಿದೆ. ಮರುದಿನ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು, ಗ್ಯಾಸ್ ಇನ್ನೂ ಹಚ್ಚಿರದ ಹೊತ್ತಿನಲ್ಲಿ, ಸಿಮೆಂಟು ಹಿಡಿದಿದೆಯೇ ನೋಡಲು ಹೋದ ಬಾನುವನ್ನು ಅಜ್ಜಿ ಒಳಗಿನಿಂದ ಕೂಗಿ ಕೇಳಿದರು, "ಪೈಪು ಮುಟ್ಟಿ ನೋಡವ್ವ, ಬಿಸಿ ಇದ್ಯಾ?"

ಬಾನು ಮುಟ್ಟಿದರು. "ಇದೆ ಅಜ್ಜಿ," ಎಂದರು. ಆವತ್ತು ಸರ್ವಮಂಗಳಮ್ಮ ಅನ್ನ ಉಂಡರು.

ಮುದುಕಿಯ ಸಮಾಧಾನಕ್ಕೆ ಹೇಳಿದ ಮಾತು ತಾನೇ ಎಂದು ಕೇಳಿದರೆ, ಹೆಬ್ಬೂರಿನ ಅಡುಗೆಮನೆಯಲ್ಲಿ ಕೈಯ ಮಸಿ ಒರೆಸಿಕೊಳ್ಳುತ್ತಿದ್ದ ಅಖ್ತರ್ ಬಾನು ತಲೆ ಎತ್ತುತ್ತಾರೆ.

"ಸುಳ್ಳು ಹೇಳಿ ಕೆಲ್ಸ ಮಾಡ್ದೋಳಲ್ಲ ನಾನು. ಒಲೆ ಇರ್ಲಿಲ್ಲ, ಅದೂ ನಿಜ. ಬಿಸಿ ಇತ್ತು, ಅದೂ ನಿಜ. ಬರಿಯೋದಾದ್ರೆ ಎರಡನ್ನೂ ಬರೀರಿ."